ಬಿಚ್ಚದಿದ್ದ ಪಟ್ಟಿ

ನವೆಂಬರ್ ೧೪, ಗುರುವಾರ.

ದಿನವಿಡೀ ವಾರ್ಡಿನಲ್ಲಿ ನಿಂತು ಕಾಲುಗಳು ಬಾತುಕೊಂಡು ಕಲ್ಲಾಗಿವೆ. ಆದರೂ ಇದನ್ನು ಬರೆಯದೆ ನಿದ್ದೆ ಬಾರದು.

ಏಳನೇ ಹಾಸಿಗೆಯ ಮುದುಕರು ರೇಡಿಯೊದ ಆ ಹಳೆಯ ಹಾಕಿ ಕಾಮೆಂಟೇಟರ್ ಎಂದು ಇವತ್ತು ಗೊತ್ತಾಯಿತು. ಗಂಟಲಿನ ಆಪರೇಷನ್ ಆಗಿ ಅಂಥ ದನಿಯೇ ಹೋಗಿದೆ. ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ಡ್ರೆಸ್ಸಿಂಗ್ ಬದಲಿಸುತ್ತಾ ಕೇಳಿದೆ: "ಆ ಫೈನಲ್‌ನಲ್ಲಿ ಗೋಲ್‌ಕೀಪರ್ ಕಾಲಿನ ಪ್ಯಾಡಿನ ಪಟ್ಟಿ ಬಿಚ್ಚಿಹೋಯ್ತಲ್ಲ ಸರ್, ಐದು ನಿಮಿಷ ಅದನ್ನೇ ಹೇಳಿದ್ರಿ! ನಮ್ಮಪ್ಪ ರೇಡಿಯೊ ಮುಂದೆ ಕೂತು ತಮ್ಮ ಶೂ ಲೇಸೇ ಬಿಗಿದ್ಕೊಂಡ್ರು."

ಅವರು ಬರೆದರು: "ಪಟ್ಟಿ ಬಿಚ್ಚಿರಲೇ ಇಲ್ಲಮ್ಮ. ನಾನು ಸ್ಟುಡಿಯೊದಲ್ಲಿದ್ದೆ. ಮೈದಾನದಿಂದ ಫೋನಲ್ಲಿ ಹೇಳ್ತಿದ್ರು. ಲೈನ್ ಕಟ್ಟಾಯ್ತು. ಮತ್ತೆ ಬರೋವರೆಗೂ ಪಟ್ಟಿಯ ಕಥೆ ಕಟ್ಟಿದೆ."

"ಮತ್ತೆ ರೇಡಿಯೊದಲ್ಲಿ ಕೇಳ್ತಿದ್ದ ಸ್ಟಿಕ್ಕಿನ ಸದ್ದು?"

ಚಮಚ ಎತ್ತಿ ಮಂಚದ ಕಂಬಿಗೆ ಟಕ್ ಎಂದು ಹೊಡೆದರು. ಅದೇ ಸದ್ದು. ಅಪ್ಪ ಹೋಗಿ ಹನ್ನೊಂದು ವರ್ಷ. ಆ ಪಟ್ಟಿಯನ್ನು ಕೊನೆಯವರೆಗೂ ನಂಬಿದ್ದರು. ನನಗೆ ಸಿಟ್ಟು ಬರಬೇಕಿತ್ತು.

"ಇನ್ನೊಂದ್ಸಲ ಹೊಡೀರಿ ಸರ್," ಎಂದೆ.

ನಮ್ಮವರು ಕಪ್ ಗೆದ್ದ ಆ ದಿನ ಅಪ್ಪ ಶೂ ಹಾಕಿಕೊಂಡೇ ಮಲಗಿಬಿಟ್ಟಿದ್ದರು. ಕಣ್ಣು ಎಳೆಯುತ್ತಿದೆ. ನಾನೂ ಇನ್ನೂ ಶೂ ಬಿಚ್ಚಿಲ್ಲ, ಬಿಚ್ಚಲು ಯಾಕೋ ಮನಸ್ಸು…