ಸಡಿಲವಿರದ ಬೋಲ್ಟು

ಮನೆ, ಹಿಂದಿನ ಕೋಣೆ
ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯಮ್ಮಾ? ರಸ್ತೆ ಕೆಲಸದ ಕ್ಯಾಂಪಿನ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ರೋಲರುಗಳ, ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಮಾಡುವವಳು ನೀನು, ನೆಲದ ತಂಪು ಸೊಂಟಕ್ಕೆ ಇಳಿಯದ ಹಾಗೆ ಕೆಳಗೆ ದಪ್ಪಗೆ ಏನನ್ನಾದರೂ ಹಾಸಿಕೊ. ಅಲ್ಲಿಯ ಅಡುಗೆಯವನು ಏನು ಮಾಡಿದರೂ ಒಂದೇ ರುಚಿ ಬರುತ್ತದೆ ಎಂದು ನೀನು ಬರೆದದ್ದನ್ನು ಓದಿ ಅಮ್ಮ ನಕ್ಕಳು, ಆಮೇಲೆ ನೀನು ಸರಿಯಾಗಿ ಉಣ್ಣುತ್ತಿಲ್ಲವೇನೋ ಎಂದು ಪೇಚಾಡಿಕೊಂಡಳು. ಅವಳ ಕೈಯ ಪ್ಲಾಸ್ಟರ್ ತೆಗೆದಿದ್ದಾರೆ. ಮೂಳೆ ಚೆನ್ನಾಗಿ ಕೂಡಿದೆ ಎಂದರು ಡಾಕ್ಟರು. ಮಣಿಕಟ್ಟು ಮಾತ್ರ ಇನ್ನೂ ಪೂರ್ತಿ ತಿರುಗುವುದಿಲ್ಲ. ರಬ್ಬರ್ ಚೆಂಡೊಂದನ್ನು ಹಿಚುಕುತ್ತಾ ಕೂರುತ್ತಾಳೆ. ಹೊಲಿಗೆ ಅಂಗಡಿಗೆ ಹೋಗಲು ಶುರು ಮಾಡಿದ್ದಾಳೆ, ಆದರೆ ಕತ್ತರಿ ಹಿಡಿಯಲು ಬೆರಳುಗಳಿಗೆ ಬಲ ಸಾಲದು. ಬಟ್ಟೆಯ ಮೇಲೆ ಗುರುತು ಹಾಕಿಕೊಡುವುದು, ಬೇರೆಯವರು ಕತ್ತರಿಸುವುದನ್ನು ನೋಡಿ ಗೊಣಗುವುದು, ಸದ್ಯಕ್ಕೆ ಇಷ್ಟೇ ಅವಳ ಕೆಲಸ.

ಫೋನಿನಲ್ಲಿ ಮಾತಾಡುವುದನ್ನು ಬಿಟ್ಟು ಅಪ್ಪ ಯಾಕೆ ಪತ್ರ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ನಿನ್ನ ದನಿ ಕೇಳಿದ ಕೂಡಲೇ ನನ್ನ ನಾಲಿಗೆ ಅಡ್ಡದಾರಿ ಹಿಡಿಯುತ್ತದೆ ಮಗಳೇ. ಹೋದ ಸಲ ಹಿಡಿದದ್ದೂ ಹಾಗೆಯೇ. ಬರೆಯುವಾಗ ನಿಧಾನವಾಗುತ್ತದೆ, ಸುಳ್ಳು ಬಂದರೆ ಹೊಡೆದುಹಾಕಬಹುದು. ಇದಕ್ಕೂ ಮೊದಲು ಬರೆದ ಎರಡು ಹಾಳೆ ಹರಿದು ಬುಟ್ಟಿಗೆ ಹಾಕಿದ್ದೇನೆ. ಎರಡರಲ್ಲೂ ನಾನು ನನ್ನ ಪರವಾಗಿ ವಾದ ಮಾಡಿದ್ದೆ.

ನೀನು ಹೊರಡುವ ಮುಂಚೆ ನಿನ್ನ ಹಳೇ ಬೈಕಿಗೆ ಆಯಿಲ್ ಕೂಲರ್ ಹಾಕಿಸಬೇಕೋ ಬೇಡವೋ ಎಂದು ನಮ್ಮಿಬ್ಬರಿಗೆ ಜಗಳವಾಗಿತ್ತಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನು, ನನ್ನಷ್ಟೇ ವಯಸ್ಸಾದದ್ದು, ಏರುದಾರಿಯಲ್ಲಿ ಕುದಿಯುತ್ತದೆ, ಎಣ್ಣೆಯನ್ನು ಹೊರಗೆ ಸುತ್ತಿಸಿ ತಣಿಸಿದರೆ ಆಯಸ್ಸು ಹೆಚ್ಚುತ್ತದೆ ಎಂಬುದು ನನ್ನ ವಾದ. ನೀನು ಗುಡ್ಡ ಹತ್ತಿಸಿಕೊಂಡು ಬಂದು, ಎಣ್ಣೆ ತುಂಬುವ ತೂತಿಗೆ ಉಷ್ಣಮಾಪಕ ಇಳಿಸಿ, ಮುಳ್ಳು ಎಲ್ಲಿ ನಿಂತಿದೆ ಎಂದು ತೋರಿಸಿದೆ. "ಬಿಸಿಯಾಗೋದು ಬೇರೆ, ಅತಿಯಾಗಿ ಬಿಸಿಯಾಗೋದು ಬೇರೆ ಅಪ್ಪಾ" ಎಂದೆ. ಎಂಜಿನ್ನಿನ ರೆಕ್ಕೆಗಳ ನಡುವಿನ ಕೆಸರು ತೆಗೆದು, ಪೆಟ್ರೋಲು-ಗಾಳಿಯ ಹದ ಸರಿಮಾಡಿ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದರೆ ಸಾಕು, ಅದಕ್ಕೂ ಮೀರಿ ಬಿಸಿಯಾದರೆ ಕೂಲರ್ ಮಾತಾಡೋಣ ಎಂದೆ. ಹೊಸ ಪೈಪು ಅಂದರೆ ಎಣ್ಣೆ ಸೋರುವುದಕ್ಕೆ ಹೊಸ ಜಾಗ ಅಂತಲೂ ಹೇಳಿದೆ. ನಾನು ಬಿಡಲಿಲ್ಲ. ಆಗ ನೀನು, ಇಲ್ಲಿ ಕೆಲಸಕ್ಕಿದ್ದ ಗ್ಯಾರೇಜಿನವರೆಲ್ಲರ ಎದುರು, "ಇದು ನಿಮ್ಮ ಲಿಫ್ಟ್ ಅಲ್ಲಪ್ಪಾ" ಅಂದುಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬದುಕೆಲ್ಲ ಲಿಫ್ಟ್ ರಿಪೇರಿ ಮಾಡಿದವನಿಗೆ ಅದು ಎಲ್ಲಿ ತಾಕಿತೆಂದು ನಿನಗೆ ಹೇಗೆ ತಿಳಿಯಬೇಕು. ನಿನಗೆ ಮೊದಲ ಸ್ಪ್ಯಾನರ್ ಕೊಟ್ಟವನು ನಾನು ಎಂಬ ಜಂಬ ನನ್ನೊಳಗೆ ಕಾಲು ಚಾಚಿ ಕೂತಿತ್ತು.

ನೀನು ಹೋದಮೇಲೆ ಭಾನುವಾರದ ಸವಾರಿ ಗುಂಪಿನ ಜೊತೆ ಅದೇ ಬೈಕಿನಲ್ಲಿ ಹೋಗತೊಡಗಿದೆ. ಎಲ್ಲರೂ ನಿವೃತ್ತರೇ, ಗಾಡಿಗಳು ಮಾತ್ರ ಹೊಸವು. ಒಂದು ಏರಿನಲ್ಲಿ ಎಂಜಿನ್ನು ಟಕಟಕ ಅನ್ನತೊಡಗಿತು. ಪಕ್ಕಕ್ಕೆ ನಿಲ್ಲಿಸಿದೆ. ಅವರಲ್ಲೊಬ್ಬ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು, ತನ್ನ ಹೆಲ್ಮೆಟ್ ತೆಗೆದು, "ಏನ್ರೀ, ಇಬ್ರಿಗೂ ಏದುಸಿರಾ?" ಎಂದ. ತಮಾಷೆಯ ಮಾತು, ಅಲ್ಲಿಗೇ ಮರೆಯಬೇಕಾದದ್ದು. ನಾನು ಅದನ್ನು ಮನೆಗೆ ಕಟ್ಟಿಕೊಂಡು ಬಂದೆ. ಕೆಳಗೆ ಬಗ್ಗಿ ನೋಡಿದ್ದರೆ ರೆಕ್ಕೆಗಳ ಸಂದಿಯಲ್ಲಿ ಬೆರಳು ದಪ್ಪ ಕೆಸರು ಕಾಣುತ್ತಿತ್ತು. ನೀನು ಮೊದಲು ಮಾಡು ಎಂದಿದ್ದ ಕೆಲಸ ಅದೇ. ನಾನು ಬಗ್ಗಲಿಲ್ಲ. ಮಾರನೆಯ ದಿನವೇ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕೂಲರ್ ತಂದೆ.

ಗ್ಯಾರೇಜಿನ ಯಜಮಾನರ ಹತ್ತಿರ ಹೋಗಿದ್ದರೆ ಸರಿಯಾಗಿ ಕೂರಿಸಿಕೊಡುತ್ತಿದ್ದರು, ಇಲ್ಲವೇ ಬೇಡವೆಂದು ಬೈದು ಕಳಿಸುತ್ತಿದ್ದರು. ಆ ಬೈಗುಳಕ್ಕೆ ಹೆದರಿ ನಾನೇ ಹಿತ್ತಲಿನಲ್ಲಿ ಕೂತು ಹಾಕಿದೆ. ತುದಿಯನ್ನು ಯಂತ್ರದಲ್ಲಿ ಒತ್ತಿ ಕೂರಿಸಿದ ಪೈಪು ಬೇಕು ಎಂದು ಗೊತ್ತಿತ್ತು, ಅದಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ನನ್ನ ಹಳೇ ಡಬ್ಬದಲ್ಲಿದ್ದ ರಬ್ಬರ್ ಪೈಪು ಸಿಕ್ಕಿಸಿ, ತಿರುಪಿನ ಕ್ಲಿಪ್ಪು ಬಿಗಿದೆ. ನೋಡಲು ಚೆಂದವಿತ್ತು. ಚಳಿಯ ಬೆಳಿಗ್ಗೆ ಎಣ್ಣೆ ಮುಚ್ಚಳ ತೆರೆದರೆ ಒಳಗೆ ಬಿಳಿ ನೊರೆ ಕಟ್ಟಿರುತ್ತಿತ್ತು. ಎಣ್ಣೆ ಬೇಕಾದಷ್ಟು ಬಿಸಿಯಾಗದೆ ನೀರಿನ ಪಸೆ ಒಳಗೇ ಉಳಿಯುತ್ತಿದೆ ಎಂದು ಅದು ಬಾಯಿಬಿಟ್ಟು ಹೇಳುತ್ತಿತ್ತು. ನಾನು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕುತ್ತಿದ್ದೆ. ಅಮ್ಮ ಒಂದು ದಿನ, "ಅವಳು ಬೇಡ ಅಂದಿದ್ಲಲ್ಲ, ಹೇಳಿ ಹಾಕ್ಬಾರ್ದಿತ್ತಾ?" ಎಂದು ಕೇಳಿದಳು. ಬಂದಾಗ ನೋಡಿ ಅವಳೇ ಮೆಚ್ಚುತ್ತಾಳೆ ಎಂದೆ. ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ. ನೀನು ಬೈಕಿನ ಸುತ್ತ ಒಂದು ಸುತ್ತು ಬಂದು, ಏನೂ ಮಾತಾಡದೆ ನನ್ನ ಭುಜ ತಟ್ಟುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೇನೋ.

ಬಿದ್ದದ್ದು ಗಾಜಿನ ಕಾರ್ಖಾನೆಯ ತಿರುವಿನಲ್ಲಿ. ಅಮ್ಮನಿಗೆ ದಾರ, ಜಿಪ್ಪು ತರಬೇಕಿತ್ತು, ಬಸ್ಸಿಗೆ ಹೋಗುತ್ತೇನೆ ಎಂದವಳನ್ನು ನಾನೇ ಒತ್ತಾಯ ಮಾಡಿ ಹಿಂದೆ ಕೂರಿಸಿಕೊಂಡೆ. ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟ ಹಾಗೆ ಪಕ್ಕಕ್ಕೆ ಸರಿಯಿತು. ಕ್ಲಿಪ್ಪಿನಿಂದ ಪೈಪು ಕಿತ್ತುಬಂದು ಎಣ್ಣೆಯೆಲ್ಲ ಟಯರಿನ ಮೇಲೆ ಸುರಿದಿತ್ತು. ನನಗೆ ಮೊಣಕಾಲು ತರಚಿತು, ಅಷ್ಟೇ. ಅವಳು ಬಲಗೈ ಊರಿ ಬಿದ್ದಳು. ರಸ್ತೆಯ ಮೇಲೆ ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನಿಮಗೇನೂ ಆಗಿಲ್ಲ ತಾನೆ?" ಎಂದು ಮೊದಲು ಕೇಳಿದವಳು ಅವಳೇ. ನಾನು ಅವಳನ್ನು ನೋಡುವುದಕ್ಕೆ ಮೊದಲು ಪೈಪನ್ನು ನೋಡಿದ್ದೆ.

ಆಸ್ಪತ್ರೆಗೆ ಗ್ಯಾರೇಜಿನ ಯಜಮಾನರು ಓಡಿಬಂದರು. ಪಡಸಾಲೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತು, ಹೇಗಾಯಿತು ಎಂದು ಕೇಳಿದರು. ಎಣ್ಣೆ ಸೋರಿತು ಎಂದೆ. ಎಲ್ಲಿಂದ ಎಂದರು. ಆ ಕ್ಷಣ ನನ್ನ ಬಾಯಲ್ಲಿ ಬಂದದ್ದು ಕೂಲರ್ ಅಲ್ಲ. "ಪುಟ್ಟಿ ಹೋಗೋ ಮುಂಚೆ ಎಂಜಿನ್ ಬಿಚ್ಚಿ ಜೋಡಿಸಿದ್ಲಲ್ಲ, ಕೆಳಗಿನ ಬೋಲ್ಟು ಸಡಿಲ ಬಿಟ್ಟಿದ್ಲು ಅನ್ಸುತ್ತೆ" ಎಂದೆ. ಅವರು ನಂಬಲಾರದೆ, "ಅವಳ ಕೈ ಹಾಗಲ್ವಲ್ಲ" ಎಂದರು. ಸಂಜೆ ಬೈಕನ್ನು ಗೂಡ್ಸ್ ಆಟೋದಲ್ಲಿ ಮನೆಗೆ ತಂದು, ಯಾರೂ ನೋಡುವ ಮೊದಲು ಕೂಲರ್ ಬಿಚ್ಚಿ ಅಟ್ಟದ ಮೇಲೆ ಇಟ್ಟೆ. ಒಂದು ಸಲ ಆಡಿದ ಮೇಲೆ ಎಲ್ಲರಿಗೂ ಅದನ್ನೇ ಆಡಬೇಕಾಗುತ್ತದೆ. ನೀನು ಫೋನ್ ಮಾಡಿದಾಗ, ಅಮ್ಮನ ಕಿವಿಗೆ ಬೀಳದ ಹಾಗೆ, ನಿನಗೂ ಅದನ್ನೇ ಆಡಿದೆ. "ಯಾವ ಬೋಲ್ಟು ಅಪ್ಪಾ?" ಎಂದು ನೀನು ಕೇಳಿದೆ. ನಾನು ಒಂದು ಬೋಲ್ಟನ್ನು ಆರಿಸಿ ಹೇಳಿದೆ. ಎಣ್ಣೆ ಇಳಿಸುವ ಬೋಲ್ಟು ಎಂದೆ. ನೀನು, "ನನ್ನಿಂದ ಅಮ್ಮಂಗೆ ಹೀಗಾಯ್ತಾ" ಎಂದೆ. ಆಗಲಾದರೂ ಇಲ್ಲ ಎನ್ನಬಹುದಿತ್ತು. "ಇರ್ಲಿ ಬಿಡು, ಎಲ್ರಿಗೂ ಆಗುತ್ತೆ" ಎಂದು ದೊಡ್ಡ ಮನಸ್ಸಿನವನ ಹಾಗೆ ನಿನ್ನನ್ನು ಕ್ಷಮಿಸಿದೆ. ನಾನು, ನಿನ್ನನ್ನು.

ಮೊನ್ನೆ ನೀನು ಅಮ್ಮನ ಜೊತೆ ಮಾತಾಡಿದೆಯಲ್ಲ, ಅವಳು ಫೋನ್ ಇಟ್ಟು ನೇರ ನನ್ನ ಹತ್ತಿರ ಬಂದಳು. ನೀನು ಅಂದದ್ದನ್ನೆಲ್ಲ ಹೇಳಿದಳು. ಬಿಗಿ ಮಾಡಿದ್ದನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತೀಯಂತೆ. ಒಂದು ಬೋಲ್ಟಿನ ತಲೆಯನ್ನೇ ಮುರಿದೆಯಂತೆ. ವರ್ಕ್‌ಶಾಪು ಬೇಡ, ಸ್ಟೋರಿನಲ್ಲಿ ಬಿಡಿಭಾಗ ಎಣಿಸುವ ಕೆಲಸ ಕೊಡಿ ಎಂದು ಕೇಳಿಕೊಂಡಿದ್ದೀಯಂತೆ. ನೀನು ನಂಬಿಕೊಂಡಿರುವುದು ಏನೆಂದು ಅವಳಿಗೆ ಆವತ್ತೇ ಗೊತ್ತಾದದ್ದು. ಅಮ್ಮ ನನ್ನ ಮೇಲೆ ಕೂಗಾಡಲಿಲ್ಲ. "ನನ್ನ ಕೈ ಮುರಿದದ್ದಕ್ಕೆ ನಾನೇನೂ ಅನ್ಲಿಲ್ಲ. ಅವಳ ಕೈ ಮುರೀಬೇಡಿ" ಎಂದಳು. ಅವಳಿಗೆ ನಿಜವನ್ನು ನೀನೇ ಹೇಳಿಬಿಡು ಎಂದು ನಾನು ಅಮ್ಮನಿಗೆ ಅಂದೆ, ಅಷ್ಟು ಹೇಡಿ ನಿನ್ನ ಅಪ್ಪ. "ನಾನ್ ಹೇಳಿದ್ರೆ ಅವಳಿಗೆ ನಿಜ ಸಿಗುತ್ತೆ, ಅಪ್ಪ ಸಿಗಲ್ಲ" ಎಂದು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತು. ತಟ್ಟೆ ಇಡುತ್ತಾಳೆ, ಎದುರು ಕೂರುವುದಿಲ್ಲ.

ಇವತ್ತು ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಭಾನುವಾರವಾದರೂ ಯಜಮಾನರು ಬಾಗಿಲು ತೆರೆದು ಒಬ್ಬರೇ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕೆಲಸ ಮುಗಿಸಿ, ಎಣ್ಣೆ ಒರೆಸಿಕೊಂಡು, "ಅವಳು ಕೈ ಹಾಕಿದ ಗಾಡಿಗಳನ್ನೆಲ್ಲ ವಾಪಸ್ ಕರೆಸಿ ಬೋಲ್ಟು ನೋಡ್ತಿದ್ದೀನಿ. ರಜೆ ದಿನಾನೂ ಬಂದು ಕೂತಿರೋದು ಇದಕ್ಕೇ" ಎಂದರು. ನಿನ್ನ ಹೆಸರಿನಲ್ಲಿ ಊರ ಗಾಡಿಗಳೆಲ್ಲ ಹೀಗೆ ಬಂದು ನಿಂತಿವೆ ಎಂದು ನನಗೆ ತಿಳಿದಿರಲಿಲ್ಲ. ಏನಾದರೂ ಸಿಕ್ಕಿತೇ ಎಂದು ಕೇಳುವ ಧೈರ್ಯವಿರಲಿಲ್ಲ, ಅವರೇ ಹೇಳಿದರು. "ಒಂದೂ ಸಡಿಲ ಇಲ್ಲ." ನಾನು ಕೂಲರ್ ಬಗ್ಗೆ ಏನೋ ಅನ್ನಲು ಹೋದೆ. "ಕೂಲರಿಂದೇನೂ ತಪ್ಪಿಲ್ಲ ಬಿಡಿ, ಬೇಕಾದ ಕಡೆ ಸರಿಯಾಗಿ ಕೂರಿಸಿದ್ರೆ ಒಳ್ಳೇದೇ" ಎಂದು ತಿರುಗಿ ಕೂತರು. ಬಂದವರಿಗೆಲ್ಲ ನಿಜ ಹೇಳುತ್ತೇನೆ ಎಂದೆ. ಹೇಳಲೇಬೇಕು ಎಂದರು.

ಪುಟ್ಟೀ, ನೀನು ಆ ಬೋಲ್ಟನ್ನು ಸರಿಯಾಗಿಯೇ ಬಿಗಿದಿದ್ದೆ. ಅದು ಈಗಲೂ ಇದ್ದಲ್ಲೇ ಇದೆ, ಅದರ ಸುತ್ತ ಒಂದು ಹನಿ ಎಣ್ಣೆ ಇಲ್ಲ. ತಪ್ಪು ನನ್ನದು, ಸುಳ್ಳೂ ನನ್ನದು. ಎರಡರಲ್ಲಿ ಸುಳ್ಳೇ ದೊಡ್ಡದು. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಏಕೆಂದರೆ ಆ ಪದವನ್ನು ಆವತ್ತು ಫೋನಿನಲ್ಲಿ ನಾನೇ ಖರ್ಚು ಮಾಡಿಬಿಟ್ಟೆ. ಬೈಕನ್ನು ನಾನಿನ್ನು ಮುಟ್ಟುವುದಿಲ್ಲ. ನಿನಗೆ ಕೋಪ ಬಂದರೆ ಕೋಪದಲ್ಲೇ ಬರೆ. ಬರೆಯದೇ ಇದ್ದರೂ ನಾನು ಅದನ್ನು ಉತ್ತರವೆಂದೇ ತಿಳಿಯುತ್ತೇನೆ.

ನಿನ್ನ ಕೈ ಗಟ್ಟಿಯಾಗಿರಲಿ, ಮನಸ್ಸು ಹಗುರವಾಗಿರಲಿ. ಅಮ್ಮ ಎಡಗೈಯಲ್ಲಿ ಇಲ್ಲೊಂದು ಗೆರೆ ಎಳೆದಿದ್ದಾಳೆ, ಅದು ಅವಳ ಮುತ್ತಂತೆ.

ತಲೆ ತಗ್ಗಿಸಿಕೊಂಡು,
ನಿನ್ನ ಅಪ್ಪ

ಮತ್ತೊಂದು ಮಾತು: ಲಕೋಟೆ ಅಂಟಿಸುವಾಗ ಅಮ್ಮ, ಸಾಮಾನಿನ ಲಾರಿಯಲ್ಲಿ ಇದು ನಿನ್ನ ಕೈ ಸೇರುವಷ್ಟರಲ್ಲಿ ನಿನ್ನನ್ನು ಸ್ಟೋರಿಗೆ ಹಾಕಿಬಿಡುತ್ತಾರೆ ಎಂದಳು. ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದೆ. ನೀನು ಸೈಟಿಗೆ ಹೋಗಿದ್ದೀಯಂತೆ, ಗುಮಾಸ್ತರು ಸಂದೇಶವಿದ್ದರೆ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಹೇಳಿದೆ. ಅವರು ತಪ್ಪಾಗಬಾರದೆಂದು ಗಟ್ಟಿಯಾಗಿ ಓದಿದರು: "ಬೋಲ್ಟು ಸಡಿಲ ಇರಲಿಲ್ಲ. ಕೂಲರ್ ಹಾಕಿದ್ದು ನಾನು. ಸುಳ್ಳು ಹೇಳಿದ್ದೂ ನಾನು." ಹಿಂದೆ ಆಫೀಸಿನಲ್ಲಿ ಯಾರೋ, ಏನಂತೆ ಎಂದದ್ದು ಕೇಳಿಸಿತು. ಯಾರು ಹೇಳಿದ್ದು ಅಂತ ಬರೀಲಿ ಎಂದು ಕೇಳಿದರು. ಅವಳ ಅಪ್ಪ ಎಂದು ಬರೆಯಿರಿ ಎಂದೆ. ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಇನ್ನೊಂದು ಸಲ ಗಟ್ಟಿಯಾಗಿ ಓದಿ ಎಂದು ನಾನೇ ಕೇಳಿಕೊಂಡೆ. ಸ್ಟೋರಿಗೆ ಹೋಗಬೇಡ ಮಗಳೇ.