ಹನ್ನೊಂದನೆಯ ವರ್ಷ

೧೧ನೇ ತಾರೀಖು, ಮಂಗಳವಾರ
ಕಾರ್ಮಿಕ ಸಂಘದ ಕಚೇರಿ, ಮಧ್ಯಾಹ್ನ

ಪ್ರೀತಿಯ ಬುಗುರಿ,

ಕಂಪನಿಯವರು ಕೊಡುತ್ತೇವೆ ಎಂದದ್ದು: ಹತ್ತು ವರ್ಷದ ಹಿಂದೆ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ ಹದಿನೇಳು ಜನರ ಮನೆಗೆ ತಲಾ ಎರಡು ಸಾವಿರ ಷೇರು. ಐದು ವರ್ಷದೊಳಗೆ ಅವನ್ನು ನ್ಯಾಯವಾದ ಬೆಲೆಗೆ ಕಂಪನಿಯೇ ವಾಪಸು ಕೊಳ್ಳುವುದು. ಮನೆಗೊಂದು ಕೆಲಸ. ಬೆಂಕಿಗೆ ಕಾರಣ ಯಾರು ಎಂಬ ತನಿಖೆ. ಗೇಟಿನ ಬಳಿ ಹೆಸರು ಕೆತ್ತಿದ ಒಂದು ಕಲ್ಲು.

ಕೊಟ್ಟದ್ದು: ಷೇರು. ಹೊರಗೆ ಯಾರಿಗೂ ಮಾರುವಂತಿಲ್ಲ ಎಂಬ ಷರತ್ತಿನ ಜೊತೆ.

ಕೊಡದೇ ಉಳಿಸಿಕೊಂಡದ್ದು: ಮಿಕ್ಕಿದ್ದೆಲ್ಲ. ಕೊಳ್ಳಿ ಎಂದು ಮೂರು ಸಲ ಬರೆದೆವು. ಮೂರು ಸಲವೂ 'ಈ ವರ್ಷ ಸೂಕ್ತವಲ್ಲ' ಎಂಬ ಒಂದೇ ಸಾಲಿನ ಉತ್ತರ. ಕಲ್ಲೇನೋ ಬಂತು, ಅದರ ಮೇಲೆ ಹೆಸರು ಬರಲಿಲ್ಲ. ಈಗ ಗೇಟಿನ ಕಾವಲುಗಾರ ಅದರ ಮೇಲೆ ತನ್ನ ಊಟದ ಡಬ್ಬಿ ಇಡುತ್ತಾನೆ.

ಕಾಗದ ಬರೆಯುವವಳು ಮೊದಲು ಕ್ಷೇಮ ಕೇಳಬೇಕಿತ್ತು. ಕೇಳುತ್ತಿದ್ದೇನೆ. ಕಾಲಿನ ಬಾವು ಇಳಿಯಿತೇ? ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಲ್ಲಿಸುವವರು ನರ್ಸಿಂಗ್ ಪಾಠದಲ್ಲಿ ಕಾಲು ಚಾಚಿ ಕೂರಬೇಕು ಎಂದು ಕಲಿಸುತ್ತಾರಲ್ಲ, ಅವರ ಧೈರ್ಯವನ್ನು ಮೆಚ್ಚಬೇಕು. ನಿನ್ನ ಕಾಗದ ಬಂದು ಮೂರು ವಾರವಾಯಿತು. 'ಅತ್ತೆ, ಕಂಪನಿಯಿಂದ ಫಾರ್ಮು ಬಂದಿದೆ, ಸಹಿ ಹಾಕ್ಲಾ ಬೇಡ್ವಾ, ಒಂದು ಮಾತು ಹೇಳು' ಎಂದು ಕೇಳಿದ್ದೆ. ಆ ಒಂದು ಮಾತಿಗೆ ಇಪ್ಪತ್ತೊಂದು ದಿನ ತೆಗೆದುಕೊಂಡೆ. ಕ್ಷಮಿಸು. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನನ್ನ ಆರೋಗ್ಯ ನೆಟ್ಟಗಿದೆ. ನಿವೃತ್ತಿಯಾದ ಮೇಲೂ ದಿನಾ ಸಂಘದ ಕಚೇರಿಗೆ ಬಂದು ಕೂರುತ್ತೇನೆ. ಇಲ್ಲಿಯವರು ಬೆನ್ನ ಹಿಂದೆ ನನ್ನನ್ನು 'ಸರಾಸರಿಯಮ್ಮ' ಎನ್ನುವುದು ಇನ್ನೂ ನಿಂತಿಲ್ಲ. ಮನೆಯಲ್ಲಿ ನೀರು ಕಾಯಿಸಲು ಅದೇ ಹಳೆಯ ಬಾಯ್ದೆರೆದ ಪಾತ್ರೆ. ಕೆಳಮನೆಯ ದರ್ಜಿ ನನ್ನ ನಿವೃತ್ತಿಗೆಂದು ಕೊಟ್ಟ ಸೀಟಿ ಹೊಡೆಯುವ ಕೆಟಲು ಡಬ್ಬಿಯಿಂದ ಇಳಿದೇ ಇಲ್ಲ. ಅದನ್ನೂ ಹತ್ತು ವರ್ಷದ ಸರಾಸರಿ ನೋಡಿಯೇ ಒಲೆ ಮೇಲಿಡುತ್ತೀರಾ ಎಂದು ಅವನು ಛೇಡಿಸುತ್ತಾನೆ. ನಗುತ್ತೇನೆ. ಇಡುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಫಾರ್ಮಿನಲ್ಲಿ ಷೇರಿಗೆ ನೂರ ಎಂಬತ್ತು ಎಂದಿದೆಯಲ್ಲ, ಅದು ಎಲ್ಲಿಂದ ಬಂತು ಎನ್ನುವುದು ನಿನಗೆ ಗೊತ್ತಿರಬೇಕು. ಗೊತ್ತಿಲ್ಲದೆ ಹಾಕುವ ಸಹಿ ಹೆಬ್ಬೆಟ್ಟಿಗೆ ಸಮ.

ನಿನ್ನ ವಾರ್ಡಿನ ಭಾಷೆಯಲ್ಲೇ ಹೇಳುತ್ತೇನೆ. ಕಚ್ಚಾ ಎಣ್ಣೆ ಶುದ್ಧಿ ಮಾಡುವ ಕಂಪನಿಯ ಗಳಿಕೆ ಜ್ವರವಿದ್ದ ಹಾಗೆ. ಎಣ್ಣೆಯ ಬೆಲೆ ಏರಿದ ವರ್ಷ ನೆತ್ತಿಗೇರುತ್ತದೆ, ಬಿದ್ದ ವರ್ಷ ಮೈ ತಣ್ಣಗಾಗುತ್ತದೆ. ಒಂದು ಹೊತ್ತಿನ ಜ್ವರ ನೋಡಿ ರೋಗಿಯ ಗತಿ ಹೇಳುವವನು ಎಂಥ ಡಾಕ್ಟರು? ಹಾಸಿಗೆಯ ತುದಿಗೆ ತೂಗುಹಾಕಿದ ಚಾರ್ಟು ನೋಡಬೇಕು. ಹಾಗೆಯೇ ಒಂದು ವರ್ಷದ ಲಾಭ ಹಿಡಿದು ಷೇರಿಗೆ ಬೆಲೆ ಕಟ್ಟಬಾರದು, ಹತ್ತು ವರ್ಷದ್ದನ್ನು ನೋಡಬೇಕು. ಆದರೆ ಹತ್ತು ವರ್ಷದ ಹಿಂದಿನ ನೂರು ಇವತ್ತಿನ ನೂರಲ್ಲ. ಆಗ ನೂರಕ್ಕೆ ಬರುತ್ತಿದ್ದ ಸಾಮಾನಿಗೆ ಈಗ ನೂರ ಎಪ್ಪತ್ತೈದು ಕೊಡಬೇಕು. ಆದ್ದರಿಂದ ಪ್ರತಿ ವರ್ಷದ ಗಳಿಕೆಯನ್ನೂ ಇವತ್ತಿನ ಬೆಲೆಗೆ ಏರಿಸಿ, ಕೂಡಿಸಿ, ಹತ್ತರಿಂದ ಭಾಗಿಸಬೇಕು. ಆ ಸರಾಸರಿಯ ಹದಿನೈದು ಪಟ್ಟು ಷೇರಿನ ಬೆಲೆ. ಈಗಿನ ಸರಾಸರಿ ಹನ್ನೆರಡು, ಅದಕ್ಕೇ ನೂರ ಎಂಬತ್ತು.

ಒಪ್ಪಂದದಲ್ಲಿ ಹೀಗೆ ಬರೆಸಿದವಳು ನಾನೇ. ಬೆಂಕಿಯಾದ ಮೇಲೆ ಕಂಪನಿಯವರು, ನಷ್ಟದ ಕಂಪನಿಯ ಷೇರಿಗೆ ಎಂಥ ಬೆಲೆ ಎಂದು ಕೈ ಒದರಿದ್ದರು. ಒಂದು ವರ್ಷ ನೋಡಬೇಡಿ, ಹತ್ತು ವರ್ಷ ನೋಡಿ ಎಂದು ಮೇಜು ಗುದ್ದಿ ಕೂತೆ. ಗೆದ್ದೆ. ಸಂಘದವರು ಚಪ್ಪಾಳೆ ತಟ್ಟಿದರು. ಯಾವ ಹತ್ತು ವರ್ಷ ಎನ್ನುವುದನ್ನು ಮಾತ್ರ ಬರೆಸಲಿಲ್ಲ. 'ಕೊಳ್ಳುವ ದಿನದಿಂದ ಹಿಂದಿನ ಹತ್ತು ವರ್ಷ' ಎಂದಿತ್ತು. ಕೊಳ್ಳುವ ದಿನವನ್ನು ಆರಿಸುವವರು ಅವರು. ನಲವತ್ತು ವರ್ಷ ಲೆಕ್ಕ ಬರೆದವಳ ಕಣ್ಣಿಗೆ ಅದು ಬೀಳಲಿಲ್ಲ.

ಮೂರು ಸಲ ಬೇಡ ಎಂದವರು ಈ ಸಲ ತಾವಾಗಿಯೇ ಫಾರ್ಮು ಕಳಿಸಿದ್ದೇಕೆ ಎಂದು ಕೂತು ಎಣಿಸಿದೆ. ಬೆಂಕಿಯ ಹಿಂದಿನ ವರ್ಷ ಕಂಪನಿಗೆ ಬಂಗಾರದ ವರ್ಷ. ಇವತ್ತಿನ ಬೆಲೆಯಲ್ಲಿ ಷೇರಿಗೆ ನಲವತ್ತೆಂಟು ಗಳಿಸಿತ್ತು. ಆ ವರ್ಷ ಈಗ ಹನ್ನೊಂದನೆಯದಾಗಿ ಲೆಕ್ಕದಿಂದ ಜಾರಿದೆ. ಬೆಂಕಿಯ ವರ್ಷ ಷೇರಿಗೆ ನಲವತ್ತೆರಡು ನಷ್ಟ. ಅದು ಹತ್ತನೆಯದಾಗಿ ಒಳಗೇ ಇದೆ. ಇನ್ನು ಏಳು ವಾರಕ್ಕೆ ಲೆಕ್ಕದ ವರ್ಷ ಮುಗಿದರೆ ಅದೂ ಜಾರುತ್ತದೆ. ಒಳ್ಳೆಯದು ಹೊರಗೆ ಹೋಗಲಿ ಎಂದು ಕಾದರು. ಕೆಟ್ಟದ್ದು ಹೊರಗೆ ಹೋಗುವ ಮೊದಲು ಮುಗಿಸಿಬಿಡೋಣ ಎಂದು ಓಡಿ ಬಂದಿದ್ದಾರೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ, ಮಗಳೇ.

ಆ ನಲವತ್ತೆರಡರೊಳಗೆ ಏನೇನಿದೆ ಎಂದು ಹಳೆಯ ವರದಿ ತೆಗೆದು ನೋಡಿದೆ. ಸುಟ್ಟ ಕುಲುಮೆ, ನಿಂತ ತಿಂಗಳುಗಳು, ದಂಡ. ಕೆಳಗೆ ಒಂದು ಸಾಲು: 'ಮೃತರ ಕುಟುಂಬಗಳಿಗೆ.' ಅಂದರೆ ನಮ್ಮವರ ಸಾವಿನ ಖರ್ಚನ್ನು ನಮ್ಮ ಷೇರಿನಿಂದಲೇ ಕಡಿಯುತ್ತಿದ್ದಾರೆ. ಅದೂ ಬಡ್ಡಿ ಬೆಳೆದ ಹಾಗೆ ಬೆಳೆದಿದೆ. ಆಗ ಇಪ್ಪತ್ತನಾಲ್ಕಿದ್ದ ನಷ್ಟ ಇವತ್ತಿನ ಬೆಲೆಯಲ್ಲಿ ನಲವತ್ತೆರಡು. ಸತ್ತವರಿಗೆ ವಯಸ್ಸಾಗುವುದಿಲ್ಲ ಎನ್ನುತ್ತಾರೆ. ಈ ಹಾಳೆಯಲ್ಲಿ ಆಗುತ್ತದೆ. ನಿನ್ನಪ್ಪ ಪ್ರತಿ ವರ್ಷ ಇಷ್ಟಿಷ್ಟು ದೊಡ್ಡವನಾಗಿ ಅದೇ ಸಾಲಿನಲ್ಲಿ ಬಂದು ಕೂರುತ್ತಾನೆ. ಕೂಡಿಸುತ್ತಾ ಕೆಳಗಿಳಿದು ಅಲ್ಲಿಗೆ ಬಂದಾಗ ನನ್ನ ಪೆನ್ಸಿಲ್ ನಿಲ್ಲುತ್ತದೆ. ಅವನು ನಾನು ಎಣಿಸುವುದನ್ನು ನೋಡುತ್ತಾನೆ.

ಕಳೆದ ಗುರುವಾರ ಕಂಪನಿಯ ಬೆಲೆ ಕಟ್ಟುವವನು ಬಂದಿದ್ದ. ಮಹಡಿಯ ಸಭೆ ಕೋಣೆಯಲ್ಲಿ ಹದಿನೇಳು ಮನೆಯವರಲ್ಲಿ ಹದಿನಾರು ಮನೆಯವರು ಕೂತಿದ್ದರು. ನೀನೊಬ್ಬಳಿಲ್ಲ. ನಮ್ಮ ಸಂಘದ ಅಧ್ಯಕ್ಷ, ಅದೇ ನಿನ್ನ ಮೀಸೆ ಮಾವ, ಬೆಂಕಿಯ ವರ್ಷವನ್ನು ಲೆಕ್ಕದಿಂದ ತೆಗೆಯಿರಿ ಎಂದು ಪಟ್ಟು ಹಿಡಿದ. ಬೆಲೆ ಕಟ್ಟುವವನು ಕನ್ನಡಕ ಒರೆಸಿಕೊಂಡು, ತೆಗೆಯಬಹುದು ಎಂದ. ಉಳಿದ ಒಂಬತ್ತು ವರ್ಷದ್ದು ನೂರ ಅರವತ್ತೆರಡು, ಸರಾಸರಿ ಹದಿನೆಂಟು, ಷೇರಿಗೆ ಇನ್ನೂರ ಎಪ್ಪತ್ತು. ಕೋಣೆಯಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವನು ಚೀಲದಿಂದ ಇನ್ನೊಂದು ಹಾಳೆ ತೆಗೆದ. ಆ ವರ್ಷವನ್ನು ಬಿಡಬೇಕಾದರೆ ಅದು ಅಸಾಧಾರಣ ಎಂದಾಗಬೇಕಂತೆ. ಆದ್ದರಿಂದ 'ಬೆಂಕಿಯು ಯಾರ ಹೊಣೆಯೂ ಅಲ್ಲದ ಆಕಸ್ಮಿಕ' ಎಂದು ಪ್ರತಿ ಮನೆಯವರೂ ಬರೆದುಕೊಡಬೇಕು. ಹದಿನೇಳೂ ಸಹಿ ಇರಬೇಕು, ಒಂದು ಕಡಿಮೆಯಾದರೂ ಇಲ್ಲ.

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಮೀಸೆ ನನ್ನ ಕಡೆ ನೋಡಿದ.

ಕ್ರೇನು ಓಡಿಸುತ್ತಿದ್ದವನ ಹೆಂಡತಿ ಎದ್ದು ನಿಂತಳು. ಆಕೆ ಹತ್ತು ವರ್ಷದಲ್ಲಿ ಸಭೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಅಲ್ಲಪ್ಪಾ, ಕಡಿಮೆ ಕೊಡೋವಾಗ ಆ ವರ್ಷ ಇತ್ತು, ಜಾಸ್ತಿ ಕೊಡೋವಾಗ ಇರ್ಲಿಲ್ಲ. ನನ್ನ ಗಂಡ ಯಾವ ವರ್ಷ ಸತ್ತ ಅಂತ ಬರೀಲಿ?"

ಬೆಲೆ ಕಟ್ಟುವವನು ತಾನು ಬರೀ ಲೆಕ್ಕದವನು ಎಂದ. ಆಕೆ ಕೂರಲಿಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಸಹಿ ಹಾಕಿರಲೇಬೇಕು, ಸಹಿ ಇಲ್ಲದೆ ಆ ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಅಲ್ಲಾಡುವುದಿಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟೆ.

ನನ್ನ ಮಾತು ಇದು. ನೂರ ಎಂಬತ್ತು ಕಳ್ಳತನ. ಇನ್ನೂರ ಎಪ್ಪತ್ತು ಬಾಯಿಗೆ ತುರುಕುವ ಬಟ್ಟೆ. ಏಳು ವಾರ ಕಾಯೋಣ ಎಂದರೆ ಕೊಳ್ಳುವವರು ಅವರೊಬ್ಬರೇ, ಇನ್ನೂ ಹತ್ತು ವರ್ಷ 'ಸೂಕ್ತವಲ್ಲ' ಎಂದಾರು. ಅಷ್ಟು ವರ್ಷ ಉಳಿಯುವವರು ನಮ್ಮಲ್ಲಿ ಎಷ್ಟು ಜನ? ಆದ್ದರಿಂದ ಮೂರನೆಯದೊಂದು ಲೆಕ್ಕ ಇಡುತ್ತೇನೆ. ಬೆಂಕಿಯ ವರ್ಷ ಒಳಗೇ ಇರಲಿ. ಅದರ ಪಕ್ಕದಲ್ಲಿ ಜಾರಿಹೋದ ಆ ಬಂಗಾರದ ವರ್ಷವನ್ನೂ ಎಳೆದು ತಂದು ಕೂರಿಸಿ. ಹನ್ನೊಂದು ವರ್ಷ ಕೂಡಿಸಿ, ಹನ್ನೊಂದರಿಂದ ಭಾಗಿಸಿ. ಷೇರಿಗೆ ಇನ್ನೂರ ಇಪ್ಪತ್ತೊಂಬತ್ತು ಬರುತ್ತದೆ. ಬಾಯಿ ಕಟ್ಟುವ ಹಾಳೆಗೆ ಸಹಿ ಬೇಡ.

ನಿನಗೆ ಇದರಿಂದ ನಷ್ಟ. ಇನ್ನೂರ ಎಪ್ಪತ್ತಕ್ಕೆ ಹೋಲಿಸಿದರೆ ಷೇರಿಗೆ ನಲವತ್ತೊಂದರ ಹಾಗೆ ಎಂಬತ್ತೆರಡು ಸಾವಿರ ಕಡಿಮೆ. ನಿನ್ನ ಕೊನೆಯ ವರ್ಷದ ಫೀಸು ಸರಿಯಾಗಿ ಅಷ್ಟೇ ಎಂದು ನನಗೆ ಗೊತ್ತು. ಅಮ್ಮ ಮೊದಲೇ ಇಲ್ಲದೆ, ಅಪ್ಪನೂ ಹೋದ ಮೇಲೆ ನನ್ನ ಮನೆಯಲ್ಲೇ ಬೆಳೆದ ಹುಡುಗಿಯ ಫೀಸು ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಆ ಎರಡು ವರ್ಷ ಯಾಕೆ ಬಿಡಿಸಲಾಗದವು ಎಂದು ಮೀಸೆ ಕೇಳಿದ. ಹೇಳುತ್ತೇನೆ, ಮೊದಲು ಒಬ್ಬರಿಗೆ ಹೇಳಬೇಕಿದೆ ಎಂದೆ.

ಹೊಟ್ಟೆ ತುಂಬ ಉಣ್ಣು. ಕಾಲಿಗೆ ದಿಂಬು ಇಟ್ಟುಕೋ. ನಿನ್ನ ಕೈ ತಗುಲಿದ ರೋಗಿಗಳೆಲ್ಲ ಎದ್ದು ಓಡಾಡಲಿ. ನಿನ್ನಪ್ಪನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿನಗೆ ಸೇರಲಿ.

ಇಂತಿ,
ನಿನ್ನ ಸೋದರತ್ತೆ

ಮರೆತೆ ಎಂದು ಬರೆಯುವ ಜಾಗ ಇದು. ನಾನು ಮರೆತಿಲ್ಲ. ಆ ನಲವತ್ತೆಂಟು ಎಲ್ಲಿಂದ ಬಂತು ಎಂದು ನೀನು ಕೇಳಬೇಕು. ನಾಲ್ಕು ವರ್ಷಕ್ಕೊಮ್ಮೆ ಕುಲುಮೆಗಳನ್ನು ನಲವತ್ತು ದಿನ ಆರಿಸಿ, ಪೈಪುಗಳನ್ನು ಬಿಚ್ಚಿ ಪರೀಕ್ಷೆ ಮಾಡಬೇಕು. ಆ ವರ್ಷ ಎಣ್ಣೆಗೆ ಬೆಲೆ ಬಂದಿತ್ತು. ರಿಪೇರಿಯನ್ನು ಒಂದು ವರ್ಷ ಮುಂದೆ ಹಾಕೋಣ, ಬೋನಸ್ಸು ಎಲ್ಲರಿಗೂ ಏರುತ್ತದೆ ಎಂದು ಕಂಪನಿ ಕೇಳಿತು. ಅದಕ್ಕೆ ಸಂಘದ ಪರವಾಗಿ ಒಂದು ಸಹಿ ಬೇಕಿತ್ತು, ನನ್ನದು. ಕ್ಯಾಂಟೀನಿನ ಕಪ್ಪುಹಲಗೆಯ ಮೇಲೆ ಬೋನಸ್ಸಿನ ಲೆಕ್ಕ ಬರೆದು ಎಲ್ಲರನ್ನೂ ಒಪ್ಪಿಸಿದವಳು ನಾನು. ಊಟದ ಹೊತ್ತಿಗೆ ನಿನ್ನಪ್ಪ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿನ್ನೂ ಗ್ಲೌಸು ಇತ್ತು.

"ಅಕ್ಕಾ, ಮೂರನೇ ಕುಲುಮೆ ಪೈಪು ಸೀಟಿ ಹೊಡೀತಿದೆ. ಸಹಿ ಹಾಕ್ಬೇಡ."

ಒಂದು ವರ್ಷ ತಾಳಿಕೋ, ಬುಗುರಿಯನ್ನು ಒಳ್ಳೆಯ ಶಾಲೆಗೆ ಹಾಕಬಹುದು ಎಂದೆ.

"ನಿನ್ನ ಸರಾಸರೀಲಿ ನಾನೂ ಒಬ್ಬ ತಾನೇ" ಎಂದು ನಕ್ಕು ಹೋದ.

ಹಾಕಿದೆ. ಲೆಕ್ಕದ ವರ್ಷ ಮುಗಿಯಿತು, ಬೋನಸ್ಸು ಬಂತು, ನಿನ್ನ ಸಮವಸ್ತ್ರವೂ ಹೊಲಿದು ಬಂತು. ಆಮೇಲೆ ಐದನೆಯ ತಿಂಗಳಿಗೆ ಬೆಂಕಿ. ನಲವತ್ತೆಂಟು ಮತ್ತು ನಲವತ್ತೆರಡು ಒಂದೇ ಪೈಪು. ಕೂಡಿಸಿದರೆ ಒಂದನ್ನೊಂದು ಹೆಚ್ಚುಕಡಿಮೆ ನುಂಗಿಹಾಕುತ್ತವೆ. ಇಷ್ಟು ವರ್ಷ ನಾನು ಹಾಗೆ ಕೂಡಿಸಿಕೊಂಡೇ ಬದುಕಿದ್ದು. 'ಯಾರ ಹೊಣೆಯೂ ಅಲ್ಲ' ಎಂಬ ಆ ಹಾಳೆಗೆ ನೀನು ಸಹಿ ಹಾಕಿದರೆ ಕಂಪನಿಯ ಜೊತೆ ನಾನೂ ಬಿಡುಗಡೆ. ಅದಕ್ಕೇ ಹಾಕಬೇಡ ಎನ್ನುತ್ತಿದ್ದೇನೆ. ಹಾಕಿದರೂ ಬೈಯುವ ಬಾಯಿ ನನಗಿಲ್ಲ.

ರಿಪೇರಿ ಮುಂದೂಡಿದ ಕಾಗದದ ನಕಲು ಇದರ ಜೊತೆ ಇದೆ. ಕೆಳಗೆ ಎರಡು ಸಹಿ. ಎಡಗಡೆಯದು ಕಂಪನಿಯದು, ಬಲಗಡೆಯದು ನಿನ್ನ ಪ್ರಗತಿಪತ್ರದ ಮೇಲೆ ವರ್ಷಕ್ಕೆ ಮೂರು ಸಲ ನೀನು ಹಾಕಿಸಿಕೊಂಡದ್ದು. ಮೂಲವನ್ನು ಹದಿನಾರು ಮನೆಯವರ ಮುಂದೆ ಮೇಜಿನ ಮೇಲಿಟ್ಟು ಓದುತ್ತೇನೆ. ನೀನು ಬಂದರೂ ಓದುತ್ತೇನೆ, ಬಾರದಿದ್ದರೂ ಓದುತ್ತೇನೆ. ಸಂಘದ ಕಚೇರಿ, ಮಹಡಿಯ ಕೋಣೆ. ಇಪ್ಪತ್ತಮೂರನೇ ತಾರೀಖು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.