ಸಿಳ್ಳೆ ಊದುತ್ತ ಕುಳಿತವಳು

ಶುಕ್ರವಾರ, ಪ್ರೆಸ್ಸಿನಲ್ಲಿ ಊಟದ ಬಿಡುವು

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. "ಮುಂದಿನ ಚಾರಣಕ್ಕೆ ಇವಳನ್ನು ಕಳಿಸಲೋ ಬೇಡವೋ, ಒಂದೇ ಮಾತಲ್ಲಿ ಹೇಳು, ಭಾಷಣ ಬೇಡ" ಎಂದಿದ್ದೀಯ. ಆ ಒಂದು ಮಾತನ್ನು ಹುಡುಕಿ ಸಾಕಾಗಿ ಭಾಷಣಕ್ಕೇ ಕೂತಿದ್ದೇನೆ. ಒಪ್ಪಿಗೆ ಚೀಟಿಗೆ ಈಗಲೇ ಸಹಿ ಹಾಕಬೇಡ. ಹರಿದೂ ಹಾಕಬೇಡ. ಮೊದಲು ಇದನ್ನು ಓದು.

ರಜೆಗೆಂದು ನನ್ನಲ್ಲಿಗೆ ಬಂದಿದ್ದ ನಿನ್ನ ಮಗಳು ಗುಬ್ಬಿ, ಬೆಟ್ಟದಲ್ಲಿ ಕಳೆದುಹೋಗಿದ್ದಳು, ಸಿಕ್ಕಳು. ಅಷ್ಟು ನಿನಗೆ ಗೊತ್ತು. ಹೇಗೆ ಕಳೆದುಹೋದಳು, ಹೇಗೆ ಸಿಕ್ಕಳು ಎಂಬುದನ್ನು ಅವಳು ಅರ್ಧ ಹೇಳಿದ್ದಾಳೆ. ಉಳಿದರ್ಧ ನನ್ನ ಬಳಿ ಇದೆ, ಅದು ನನಗೇ ಅರ್ಥವಾಗಿಲ್ಲ.

ನಮ್ಮ ಮಕ್ಕಳ ಚಾರಣ ಬಳಗದ ಸುರಕ್ಷತಾ ನಿಯಮಗಳನ್ನು ಬರೆದವಳು ನಾನೇ ಎಂಬುದು ನಿನಗೆ ಗೊತ್ತು. ಇಲ್ಲಿ ಪ್ರೆಸ್ಸಿನಲ್ಲಿ ಹಾಳೆ ಮಡಿಚುವ ನನ್ನ ಮೇಜಿಗೆ ಬರುವ ಕಿರುಹೊತ್ತಿಗೆಗಳನ್ನು ಮಡಿಚುತ್ತಲೇ ಓದಿ, ಬೇಕಾದ್ದನ್ನು ಆರಿಸಿ, ರಾತ್ರಿಯೆಲ್ಲ ಕೂತು ಬರೆದಿದ್ದೆ. ನೀನು ನಕ್ಕಿದ್ದೆ. ನಾನು ಇವತ್ತಿಗೂ ನಂಬುವುದು ಇಷ್ಟು: ದೊಡ್ಡವರು "ನೋಡ್ಕೊಂಡು ಮಾಡೋಣ" ಎನ್ನುತ್ತಾರಲ್ಲ, ಹಾಗೆ ನೋಡಿಕೊಂಡು ಮಾಡಿದ್ದರ ಫಲವನ್ನು ಯಾವಾಗಲೂ ಚಿಕ್ಕವರೇ ಉಣ್ಣುವುದು. ಬಲವಿದ್ದವನಿಗೆ ಅಂದಾಜು ಸಾಕು. ಮಕ್ಕಳಿಗೆ ನಿಯಮ ಬೇಕು.

ನನ್ನ ಜೊತೆಗಿರುವ ಇನ್ನೊಬ್ಬ ಮುಂದಾಳು ಈಜು ಕಲಿಸುವ ಕೋಚ್. ಅವರಿಗೆ ನನ್ನ ನಿಯಮಗಳೆಂದರೆ ತಮಾಷೆ. "ನಿಮ್ಮಮ್ಮ ನಿನ್ನ ಹೆರುವಾಗಲೂ ಒಪ್ಪಿಗೆ ಚೀಟಿ ಕೇಳಿದ್ಯೇನಮ್ಮ?" ಎಂದು ಮಕ್ಕಳೆದುರಿಗೇ ಕೇಳುತ್ತಾರೆ. ಮಕ್ಕಳಿಗೆ ಅವರೆಂದರೆ ಪ್ರಾಣ.

ಆ ದಿನ ತುದಿ ಕಾಣುವಷ್ಟು ಹತ್ತಿರ ಬಂದಿದ್ದೆವು. ಹಿಂತಿರುಗಲು ಗೊತ್ತುಮಾಡಿದ ಹೊತ್ತಾಯಿತು. ಇಳಿಯೋಣ ಎಂದೆ. "ಆಕಾಶ ತೊಳೆದಿಟ್ಟ ತಟ್ಟೆ ಥರ ಇದೆ. ಇಷ್ಟು ದೂರ ಬಂದು ತುದಿ ಮುಟ್ಟದೆ ಹೋದ್ರೆ ಮಕ್ಕಳು ಏನು ಕಲೀತಾರೆ?" ಎಂದರು ಕೋಚ್. ಹಿಂತಿರುಗುವುದನ್ನು ಕಲಿಯುತ್ತಾರೆ ಎಂದೆ. ಮಕ್ಕಳು ಬಂಡೆಗಳ ಮೇಲೆ ಕೂತು, ಬಿಸ್ಕತ್ತು ತಿನ್ನುತ್ತ, ನಮ್ಮಿಬ್ಬರನ್ನು ಪಂದ್ಯ ನೋಡುವಂತೆ ನೋಡಿದರು. ಕೊನೆಗೆ ನಾನೇ ಗೆದ್ದೆ, ಇಳಿದೆವು.

ಇಳಿಯುವಾಗಲೂ ಜಗಳ ಮುಗಿದಿರಲಿಲ್ಲ. ಮುಂದೆ ನಡೆಯುತ್ತಿದ್ದ ಅವರು ತಿರುಗಿ ಏನೋ ಚುಚ್ಚಿದರು. ಉತ್ತರ ಕೊಡದೆ ಇರಲಾಗಲಿಲ್ಲ. ಸಾಲಿನ ಕೊನೆಯಲ್ಲಿ ಸದಾ ಒಬ್ಬ ಮುಂದಾಳು ಇರತಕ್ಕದ್ದು ಎಂದು ಬರೆದವಳು ನಾನು. ಆ ಕೊನೆಯನ್ನು ಬಿಟ್ಟು, ಮಕ್ಕಳನ್ನು ದಾಟಿ ಅವರ ಪಕ್ಕಕ್ಕೆ ಹೋಗಿ, ನಿಯಮ ಯಾಕೆ ಮುಖ್ಯ ಎಂದು ವಿವರಿಸುತ್ತ ನಡೆದೆ. ಹಿಂದೆ ಗುಬ್ಬಿಯೂ, ಬಳಗದಲ್ಲಿ ಎಲ್ಲರೂ ಗಾಳಿಪಟ ಎಂದು ಕರೆಯುವ ಅವಳ ಗೆಳತಿಯೂ ಬಟ್ಟೆಗಂಟಿದ ಮುಳ್ಳು ಕೀಳುತ್ತ ನಿಂತವರು, ಕವಲಿನಲ್ಲಿ ದನಗಳು ನಡೆದ ಕಾಲುದಾರಿ ಹಿಡಿದರು.

ಅಲ್ಲಿ ಆ ಇಬ್ಬರಿಗೂ ಜಗಳವಂತೆ. ಗುಬ್ಬಿ ನೆಲಕ್ಕೆ ಕುಕ್ಕರಿಸಿ ಸಿಳ್ಳೆ ತೆಗೆದಳು. ದಾರಿ ತಪ್ಪಿದರೆ ಇದ್ದಲ್ಲೇ ಕೂರಬೇಕು, ಮೂರು ಮೂರು ಸಲ ಊದಬೇಕು, ನನ್ನದೇ ನಿಯಮ. ಗಾಳಿಪಟಕ್ಕೆ ಕೆಳಗೆ ಲಾರಿಗಳ ಸದ್ದು ಕೇಳುತ್ತಿತ್ತು. "ರಸ್ತೆ ಅಲ್ಲೇ ಇದೆ ಕಣೇ, ಬಾ" ಎಂದು ಎಳೆದಳಂತೆ. ಇವಳು ಏಳಲಿಲ್ಲ. ಕೊನೆಗೆ ಅವಳು ತನ್ನ ಸ್ವೆಟರ್ ಬಿಚ್ಚಿ ಇವಳ ಮೇಲೆ ಎಸೆದು ಒಬ್ಬಳೇ ಇಳಿದು ಹೋದಳು.

ನಾವು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಕೂಗುತ್ತ ಅಲೆಯುತ್ತಿದ್ದೆವು, ಅಕ್ಕ. ಸಿಳ್ಳೆ ನಮಗೆ ಕೇಳಿಸಲೇ ಇಲ್ಲ. ಗಾಳಿಪಟ ರಸ್ತೆ ಸೇರಿ, ಒಂದು ಪಂಕ್ಚರ್ ಅಂಗಡಿಯಿಂದ ಕೋಚ್‌ಗೆ ಫೋನ್ ಮಾಡಿಸಿದ ಮೇಲೇ ನಾವು ಆ ಕಡೆಗೆ ಓಡಿದ್ದು. ಇಷ್ಟು ಹೇಳಿದರೆ ನಿಯಮ ಮುರಿದವಳೇ ಕಾಪಾಡಿದಳು ಎಂದಾಗುತ್ತದೆ. ಆದರೆ ಅಷ್ಟರಲ್ಲಿ ಮಬ್ಬು ಕವಿದಿತ್ತು. ಅಂಗಡಿಯಿಂದ ನಮ್ಮ ಮುಂದೆ ಹತ್ತುತ್ತ ದಾರಿ ತೋರಿಸುತ್ತಿದ್ದ ಗಾಳಿಪಟಕ್ಕೆ ಯಾವ ಪೊದೆಯಿಂದ ಹೊರಟೆ ಎಂಬುದೇ ಮರೆತುಹೋಯಿತು, ಅಳಲು ಶುರುಮಾಡಿದಳು. ಆಗ ಮೇಲಿನಿಂದ ಕೇಳಿಸಿತು, ಮೂರು ಸಲ. ತುಟಿ ನೀಲಿಗಟ್ಟಿತ್ತು, ಇನ್ನೂ ಊದುತ್ತಲೇ ಇದ್ದಳು ನಿನ್ನ ಮಗಳು.

ಈಗ ಹೇಳು, ಯಾರು ಸರಿ? ಇಬ್ಬರೂ ಕೂತಿದ್ದರೆ ನಾವು ಆ ಮಗ್ಗುಲಿಗೆ ಯಾವಾಗ ಬರುತ್ತಿದ್ದೆವೋ. ಇಬ್ಬರೂ ಇಳಿದಿದ್ದರೆ ಬಹುಶಃ ಇಬ್ಬರೂ ಅಂಗಡಿಯಲ್ಲಿ ಬೆಚ್ಚಗೆ ಕೂತಿರುತ್ತಿದ್ದರು. ಬಹುಶಃ ಇಲ್ಲ. ಆ ಇಳಿಜಾರನ್ನು ಆಮೇಲೊಂದು ದಿನ ಹೋಗಿ ಬೆಳಕಿನಲ್ಲಿ ನೋಡಿದೆ, ಒಂದು ಕಡೆ ನೇರ ಕಲ್ಲುಗಣಿಗೆ ಬೀಳುತ್ತದೆ. ಗಾಳಿಪಟ ಆ ಕಡೆ ಹೋಗಲಿಲ್ಲ, ಅಷ್ಟೇ. ಅದು ಜಾಣತನವೋ ಅದೃಷ್ಟವೋ ಎಂದು ಕೋಚ್ ಅವರನ್ನು ಕೇಳಿದೆ. ಮೊದಲ ಸಲ ಅವರು ತಮಾಷೆ ಮಾಡಲಿಲ್ಲ. "ಗೊತ್ತಿಲ್ಲಮ್ಮ" ಎಂದರು. ನನಗೆ ಅವರ ತಮಾಷೆಯೇ ವಾಸಿ ಎನಿಸಿತು.

ಭಾನುವಾರ ಬಳಗದ ಸಭೆ. ಇದ್ದ ಜಾಗ ಬಿಟ್ಟವರನ್ನು ಒಂದು ವರ್ಷ ಸೇರಿಸಬಾರದು ಎಂಬುದೂ ನನ್ನ ನಿಯಮವೇ. ಗಾಳಿಪಟವನ್ನು ತೆಗೆಯಬೇಕು ಎನ್ನುತ್ತಾರೆ ಕಾರ್ಯದರ್ಶಿ. "ನೀನೇ ಬರೆದದ್ದಲ್ವಾ ತಾಯಿ? ಈಗ ನಿನಗೇ ಕಹಿಯಾಯ್ತಾ?" ಎಂದು ಮೊನ್ನೆ ಕೇಳಿದರು. ಕೊನೆ ಬಿಟ್ಟು ಹೋದ ಮುಂದಾಳಿಗೆ ಶಿಕ್ಷೆ ಏನು ಎಂದು ನಾನು ಎಲ್ಲೂ ಬರೆದಿಲ್ಲ. ನನಗದು ಹೊಳೆದೇ ಇರಲಿಲ್ಲ.

ನಿನ್ನೆ ಗಾಳಿಪಟ ಪ್ರೆಸ್ಸಿಗೇ ಬಂದಳು. ನಾನು ಕಾಗದ ಮಡಿಚುತ್ತಿದ್ದೆ. ಮೇಜಿನಾಚೆ ನಿಂತು ತಾನೂ ಒಂದೆರಡು ಹಾಳೆ ಮಡಿಚಿದಳು, ಸೊಟ್ಟಗೆ.

"ಅಕ್ಕ, ನಾನು ಹೋಗ್ದೆ ಇದ್ದಿದ್ರೆ ನಿಮಗೆ ಸಿಳ್ಳೆ ಕೇಳಿಸ್ತಿತ್ತಾ?" ಎಂದಳು.

ಇಲ್ಲ ಎಂದೆ.

"ಮತ್ತೆ ನನ್ನ ಯಾಕೆ ತೆಗೀತೀರ?"

ನಾಳೆ ಇನ್ನೊಂದು ಮಗು ನಿನ್ನನ್ನು ನೋಡಿ ಕಲ್ಲುಗಣಿಯ ಕಡೆ ಇಳಿದರೆ ಎಂದೆ. "ಆ ಮಗೂಗೂ ನಾನು ಜವಾಬ್ದಾರಿನಾ? ನೀವಲ್ವಾ?" ಎಂದಳು. ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎನ್ನುತ್ತಿದ್ದೆಯಲ್ಲ ನೀನು. ನಾನು ಅವಳ ಸೊಟ್ಟ ಹಾಳೆಗಳನ್ನು ಬಿಡಿಸಿ ಮತ್ತೆ ಮಡಿಚಿದೆ.

ಓದಿದ ಹೊತ್ತಿಗೆಗಳನ್ನೆಲ್ಲ ತಿರುವಿದ್ದೇನೆ. ಎಲ್ಲವೂ ಒಂದು ಪಕ್ಷ ಹಿಡಿದು ಗಟ್ಟಿಯಾಗಿ ಮಾತಾಡುತ್ತವೆ, ನನ್ನ ಹಾಗೆಯೇ. ಬೆಳಿಗ್ಗೆ ನಿಯಮವೇ ಸರಿ ಎನಿಸುತ್ತದೆ. ಮಧ್ಯಾಹ್ನ ಆ ಸ್ವೆಟರ್ ನೆನಪಾಗುತ್ತದೆ. ಸಂಜೆ ಕಲ್ಲುಗಣಿ. ಭಾನುವಾರ ಅವಳನ್ನು ತೆಗೆಯಲು ಕೈ ಎತ್ತುವುದೋ ಬೇಡವೋ, ದೇವರಾಣೆ ಗೊತ್ತಿಲ್ಲ ಅಕ್ಕ, ದೇವರನ್ನು ನಂಬದವಳಾದರೂ ಹೇಳುತ್ತಿದ್ದೇನೆ.

ಗಂಟೆ ಹೊಡೆಯಿತು. ಬೈಯುವುದಿದ್ದರೆ ಪೂರ್ತಿ ಬೈದು ಬರೆ.

ಇನ್ನೂ ಒಂದು ತೀರ್ಮಾನಕ್ಕೆ ಬಾರದ,
ನಿನ್ನ ತಂಗಿ

ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ಉಳಿಸಿಕೊಂಡದ್ದು: ಗುಬ್ಬಿ ನಿಯಮ ಪಾಲಿಸಿದಳು ಎಂದು ವಾರವಿಡೀ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಅವತ್ತು ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ಅವಳು ಹೇಳಿದ್ದೇ ಬೇರೆ. "ನಂಗೂ ರಸ್ತೆ ಸದ್ದು ಕೇಳಿಸ್ತಿತ್ತು ಚಿಕ್ಕಮ್ಮ. ನಾನೂ ಇಳಿದುಬಿಟ್ಟಿದ್ರೆ ಕೋಚ್ ಎಲ್ಲರೆದುರಿಗೆ ನಿನ್ನ ಆಡ್ಕೊಂಡು ನಗ್ತಿದ್ರಲ್ಲ, ಅದಕ್ಕೇ ಕೂತೆ" ಎಂದಳು. ಇದನ್ನು ಭಾನುವಾರ ಸಭೆಯಲ್ಲಿ ಹೇಳುತ್ತೇನೆ, ಅದು ಯಾರ ಪರವಾಗಿ ಹೋದರೂ ಸರಿ. ನೀನು ಅವಳನ್ನು ಮತ್ತೆ ಕಳಿಸುವುದಾದರೆ, ಚೀಟಿಗೆ ಸಹಿ ಹಾಕುವ ಮೊದಲು ಅವಳನ್ನು ಕೂರಿಸಿಕೊಂಡು, ಚಿಕ್ಕಮ್ಮ ಸೋತರೂ ಪರವಾಗಿಲ್ಲ ಎಂದು ಹೇಳು. ನಾನು ಹೇಳಿದರೆ ಅದನ್ನೂ ನಿಯಮ ಎಂದುಕೊಳ್ಳುತ್ತಾಳೆ.